ಕಪ್ಪು ಅಮೆರಿಕನ್ನರ ಆಫ್ರಿಕಾ ಬೇರು: ದಾಖಲೆ ಎಲ್ಲಿಯವರೆಗೆ, ಡಿಎನ್‌ಎ ಎಲ್ಲಿಯವರೆಗೆ?

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಕಪ್ಪು ಕುಟುಂಬಗಳು ತಮ್ಮ ಆಫ್ರಿಕಾ ಮೂಲ ಹುಡುಕುವ ಬಗ್ಗೆ ಒಂದು ಉದ್ದನೆಯ ಲೇಖನ ತಯಾರಾಗುತ್ತಿದೆ. ಎಲ್ಲಿ ಓದಿದರೂ ಎರಡೇ ಮಾತು. "1870ಕ್ಕಿಂತ ಹಿಂದಕ್ಕೆ ಹೋಗೋಕಾಗಲ್ಲ" ಅನ್ನೋದು ಒಂದು. "ಎಂಜಲು ಕಳಿಸಿದರೆ ಸಾಕು, ಯಾವ ಬುಡಕಟ್ಟು ಅಂತ ಕಂಪನಿಯವರೇ ಹೇಳ್ತಾರೆ" ಅನ್ನೋದು ಇನ್ನೊಂದು. ಎರಡನ್ನೂ ನಂಬೋದು ಕಷ್ಟ.

ದಾಖಲೆಗಳನ್ನು ಹಿಡಿದು ಹೊರಟರೆ ಕ್ರಮ ಏನು, ಎಲ್ಲಿ ಎಡವುತ್ತಾರೆ? ವರದಿಯಲ್ಲಿ "ನೈಜೀರಿಯಾ 38%" ಅಂತ ಬಂದರೆ ಅದನ್ನು ಹೇಗೆ ಓದಬೇಕು? ಇದರಿಂದ ಇವತ್ತಿನ ಗುರುತಿನಲ್ಲಿ ಏನಾದರೂ ಬದಲಾಗುತ್ತದಾ, ಅಥವಾ ಗೋಡೆಗೆ ತೂಗುಹಾಕುವ ಪ್ರಮಾಣಪತ್ರ ಅಷ್ಟೇನಾ? ಆಫ್ರಿಕಾದಿಂದ ಬಂದವರ ವಂಶಸ್ಥರಾದ ನಮ್ಮ ಉತ್ತರ ಕನ್ನಡದ ಸಿದ್ದಿಗಳಿಗೆ ಈ ದಾರಿ ಹೊಂದುತ್ತದಾ ಅನ್ನೋದೂ ಗೊತ್ತಾಗಬೇಕು. ವಿವರವಾಗಿ ಬರೆದರೆ ಉಪಕಾರ.

---

ಉತ್ತರ: ಹಳೇಕಡತ

ಗುಲಾಮರಾಗಿದ್ದವರೆಲ್ಲರ ಹೆಸರು ಬರೆದ ಮೊದಲ ಜನಗಣತಿ 1870ರದ್ದು, ಆದರೆ ಅದು ಕೊನೆಯಲ್ಲ. ಅಲ್ಲಿಂದ ಹುಡುಕುವ ವಿಧಾನ ಬದಲಾಗುತ್ತದೆ, ಅಷ್ಟೆ. ಅಲ್ಲಿಯವರೆಗೆ ಆ ಕುಟುಂಬವನ್ನೇ ಹುಡುಕುತ್ತೀರಿ. ಅದರಿಂದ ಹಿಂದೆ ಹುಡುಕಬೇಕಾದದ್ದು ಅವರನ್ನು ಇಟ್ಟುಕೊಂಡಿದ್ದ ಒಡೆಯನ ಕುಟುಂಬವನ್ನು. ಇದು ತಲೆಗೆ ಹೋಗದವರು ವರ್ಷಗಟ್ಟಲೆ ಅಲ್ಲೇ ನಿಂತಿರುತ್ತಾರೆ.

ಮೊದಲ ಹಂತ, ಇತ್ತೀಚಿನದರಿಂದ ಹಿಂದಕ್ಕೆ. ಅಮೆರಿಕದ ಜನಗಣತಿಯ ಮನೆಪಟ್ಟಿಗಳು 72 ವರ್ಷದ ನಂತರ ಸಾರ್ವಜನಿಕವಾಗುತ್ತವೆ. 1950ರದ್ದು 2022ರಲ್ಲಿ ಹೊರಬಂತು. ಅಲ್ಲಿಂದ ಹತ್ತತ್ತು ವರ್ಷ ಹಿಂದೆ ಬನ್ನಿ, ಒಂದನ್ನೂ ಹಾರಿಸಬೇಡಿ. 1900ರ ಪಟ್ಟಿಯಲ್ಲಿ ಹುಟ್ಟಿದ ತಿಂಗಳು, ವರ್ಷ, ತಾಯಿ ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂಬುದೂ ಇದೆ. 1890ರದ್ದು ಬಹುತೇಕ ಇಲ್ಲ, ವಾಷಿಂಗ್ಟನ್ನಿನಲ್ಲಿ 1921ರ ಬೆಂಕಿಗೆ ಹೋಯಿತು. ಹಾಗಾಗಿ 1880ರಿಂದ 1900ರವರೆಗಿನ ಇಪ್ಪತ್ತು ವರ್ಷಕ್ಕೆ ಮದುವೆ ದಾಖಲೆ, ತೆರಿಗೆ ಪಟ್ಟಿ, ಚರ್ಚಿನ ಪುಸ್ತಕ ನೋಡಬೇಕು. ಮನೆ ಯಜಮಾನನಿಗೆ ಯಾರು ಏನಾಗಬೇಕು ಎಂದು ಬರೆದದ್ದು 1880ರಲ್ಲಿ ಮೊದಲು. 1870ರಲ್ಲಿ ಒಂದೇ ಮನೆಯಲ್ಲಿರುವ ಹೆಂಗಸು ಹೆಂಡತಿಯೋ ತಂಗಿಯೋ ಎಂದು ಪಟ್ಟಿ ಹೇಳುವುದಿಲ್ಲ. ಹೆಂಡತಿ ಅಂತ ಊಹಿಸಿ ಮುಂದೆ ಹೋದರೆ ಒಂದು ಕವಲು ಪೂರ್ತಿ ತಪ್ಪು.

1936ರ ನಂತರ ಸೋಷಿಯಲ್ ಸೆಕ್ಯುರಿಟಿಗೆ ಹಾಕಿದ ಮೂಲ ಅರ್ಜಿ ಬಹಳ ಉಪಯೋಗದ್ದು. ಅದರಲ್ಲಿ ತಂದೆಯ ಹೆಸರು, ತಾಯಿಯ ತವರಿನ ಹೆಸರು ಇರುತ್ತವೆ, ತುಂಬಿದ್ದು ಅರ್ಜಿದಾರರೇ. ಮರಣಪತ್ರದಲ್ಲಿ ಅದೇ ಮಾಹಿತಿ ಅಳಿಯನೋ ನೆರೆಯವರೋ ಹೇಳಿದ್ದಿರಬಹುದು, ಆದ್ದರಿಂದ ತೂಕ ಕಡಿಮೆ.

ಇನ್ನೊಂದನ್ನು ಬಹಳ ಜನ ಮರೆಯುತ್ತಾರೆ. 1860ರಲ್ಲಿ ಗುಲಾಮಗಿರಿಯಲ್ಲಿದ್ದವರು ಸುಮಾರು 39.5 ಲಕ್ಷ, ಸ್ವತಂತ್ರ ಕಪ್ಪು ಜನ ಸುಮಾರು 4.9 ಲಕ್ಷ. ಈ ಸ್ವತಂತ್ರರ ಹೆಸರು 1850, 1860ರ ಸಾಮಾನ್ಯ ಪಟ್ಟಿಗಳಲ್ಲೇ ಇದೆ. ಮೊದಲು ಅಲ್ಲಿ ನೋಡಿ. ಸಿಕ್ಕಿದರೆ ಅರ್ಧ ತಲೆನೋವು ಹೋಯಿತು.

ಎರಡನೇ ಹಂತ, ಒಡೆಯ ಯಾರು? 1870ರ ಪಟ್ಟಿಯಲ್ಲಿ ಆ ಮನೆಯ ಹಿಂದಿನ ಹತ್ತು ಪುಟ, ಮುಂದಿನ ಹತ್ತು ಪುಟ ಪೂರ್ತಿ ನಕಲು ಮಾಡಿಕೊಳ್ಳಿ, ಬಿಳಿಯ ಜಮೀನ್ದಾರರ ಸಮೇತ. ಬಿಡುಗಡೆಯಾಗಿ ಐದೇ ವರ್ಷ, ಎಷ್ಟೋ ಜನ ಅದೇ ಆಸುಪಾಸಿನಲ್ಲೇ ಇದ್ದರು. ಆದರೆ ಹೆಸರು ಒಂದೇ ಎಂದು ಒಡೆಯನನ್ನು ಗೊತ್ತುಮಾಡಬೇಡಿ. ಕೊನೆಯ ಒಡೆಯನ ಮನೆತನದ ಹೆಸರು ಬೇಡವೆಂದು ಮೊದಲಿನವನ ಹೆಸರನ್ನೋ ತಮಗೆ ಬೇಕಾದ ಬೇರೆ ಹೆಸರನ್ನೋ ಇಟ್ಟುಕೊಂಡವರು ಧಾರಾಳವಾಗಿದ್ದಾರೆ.

ಗೊತ್ತುಮಾಡಿಕೊಡುವ ಕಡತಗಳು ಬೇರೆ ಇವೆ. ಫ್ರೀಡ್‌ಮೆನ್ಸ್ ಬ್ಯೂರೋ, ಅಂದರೆ ಬಿಡುಗಡೆಯಾದವರ ನೆರವಿಗೆ ಸರ್ಕಾರ ತೆರೆದ ಕಚೇರಿ, 1865ರಿಂದ 1872ರವರೆಗೆ ನಡೆಯಿತು. ಅದರ ಕೂಲಿ ಕರಾರು, ಪಡಿತರ ಪಟ್ಟಿ, ದೂರು ಪುಸ್ತಕಗಳಲ್ಲಿ ಒಡೆಯ ಮತ್ತು ಆಳಿನ ಹೆಸರು ಅಕ್ಕಪಕ್ಕ ಸಿಗುತ್ತವೆ. ಸ್ವಯಂಸೇವಕರು ಇವುಗಳಿಂದ ತೆಗೆದ ಸುಮಾರು 18 ಲಕ್ಷ ಹೆಸರುಗಳ ಸೂಚಿ ಫ್ಯಾಮಿಲಿಸರ್ಚ್ ತಾಣದಲ್ಲಿ ಉಚಿತ. ಫ್ರೀಡ್‌ಮನ್ಸ್ ಸೇವಿಂಗ್ಸ್ ಬ್ಯಾಂಕ್ 1874ರಲ್ಲಿ ಮುಳುಗಿ ಠೇವಣಿದಾರರ ದುಡ್ಡು ನುಂಗಿತು. ಆದರೆ ಅದರ ಖಾತೆ ಪುಸ್ತಕಗಳಲ್ಲಿ ತಂದೆ, ತಾಯಿ, ಒಡಹುಟ್ಟಿದವರು, ಕೆಲವು ಕಡೆ ಹಳೆಯ ಒಡೆಯ, ತೋಟದ ಹೆಸರು ಕೂಡ ಉಳಿದಿವೆ. ವರ್ಜೀನಿಯಾದವರಾದರೆ 1866ರ ಸಹಜೀವನ ನೋಂದಣಿ (ಗುಲಾಮಗಿರಿಯಲ್ಲಿ ಗಂಡಹೆಂಡಿರಾಗಿ ಬಾಳಿದವರ ಪಟ್ಟಿ) ನೋಡಿ, ಕೊನೆಯ ಒಡೆಯನಿಗೆಂದೇ ಒಂದು ಕಾಲಂ ಇದೆ.

ಎಲ್ಲಕ್ಕಿಂತ ಶ್ರೀಮಂತ ಕಡತ ಅಂತರ್ಯುದ್ಧದ ಪಿಂಚಣಿ. ಒಕ್ಕೂಟದ, ಅಂದರೆ ಉತ್ತರದ ಕಡೆಯ, ಸೇನೆಯಲ್ಲಿ ಸುಮಾರು 1.79 ಲಕ್ಷ ಕಪ್ಪು ಸೈನಿಕರಿದ್ದರು. ವಿಧವೆಗೆ ಪಿಂಚಣಿ ಬೇಕಾದರೆ ಮದುವೆ ಸಾಬೀತು ಮಾಡಬೇಕು, ಗುಲಾಮರ ಮದುವೆಗೆ ಕಾಗದವೇ ಇಲ್ಲ. ಹಾಗಾಗಿ ಅದೇ ತೋಟದಲ್ಲಿದ್ದವರು ಬಂದು ಸಾಕ್ಷಿ ಹೇಳಿದರು: ಯಾರ ಹತ್ತಿರ ಇದ್ದೆವು, ಯಾರು ಯಾರನ್ನು ಮಾರಿದರು, ಮಗು ಯಾವಾಗ ಹುಟ್ಟಿತು. ಸ್ವಂತ ಅಜ್ಜ ಸೈನಿಕನಾಗಿರದಿದ್ದರೂ ಅದೇ ತೋಟದ ಇನ್ನೊಬ್ಬನ ಕಡತದಲ್ಲಿ ಅವನ ಹೆಸರು ಬಂದಿರಬಹುದು. ಇವುಗಳಲ್ಲಿ ಬಹುಪಾಲು ಅಂತರ್ಜಾಲಕ್ಕೆ ಬಂದಿಲ್ಲ, ನ್ಯಾಷನಲ್ ಆರ್ಕೈವ್ಸ್‌ನಿಂದ ಪ್ರತಿ ತರಿಸಬೇಕು.

ಮೂರನೇ ಹಂತ, ಒಡೆಯನ ಕಾಗದ. 1850, 1860ರ ಗುಲಾಮ ಪಟ್ಟಿಗಳಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಲಿಂಗ, ಬಣ್ಣ ಅಷ್ಟೆ, ಹೆಸರಿಲ್ಲ. ಅದು ಅನುಮಾನಕ್ಕೆ ಸಾಕು, ರುಜುವಾತಿಗೆ ಸಾಲದು. ಹೆಸರು ಸಿಗುವುದು ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಕೋರ್ಟಿನಲ್ಲಿ. ಉಯಿಲು, ಸತ್ತವನ ಆಸ್ತಿ ಪಟ್ಟಿ, ಕ್ರಯಪತ್ರ, ಅಡಮಾನ ಪತ್ರ, ಪಾಲುಪಟ್ಟಿ, ಎಲ್ಲವನ್ನೂ ನೋಡಿ. ಆಸ್ತಿ ಪಟ್ಟಿಯಲ್ಲಿ ಹೇಸರಗತ್ತೆ, ನೇಗಿಲುಗಳ ಜೊತೆಗೇ ಮನುಷ್ಯರ ಹೆಸರು ಮತ್ತು ಡಾಲರ್ ಬೆಲೆ ಇರುತ್ತದೆ. ಓದುವುದು ಕಷ್ಟ, ಆದರೆ ಸಾಲುಗಳ ಕ್ರಮ ಗಮನಿಸಿ. ತಾಯಿ ಮತ್ತು ಮಕ್ಕಳನ್ನು ಒಟ್ಟಿಗೆ ಬರೆಯುವ ರೂಢಿ ಹಲವು ಕಡೆ ಇತ್ತು.

ಇಲ್ಲಿ ಎಡವುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಡತಿಯನ್ನು ಮರೆಯುವುದು. ಮಗಳ ಮದುವೆಗೆ ಆಳುಗಳನ್ನು ಉಡುಗೊರೆ ಕೊಡುವ, ಉಯಿಲಿನಲ್ಲಿ ಮಗಳಿಗೆ ಬರೆಯುವ ಪದ್ಧತಿ ಇತ್ತು. ಗಂಡನ ಕಡೆಯ ಕಾಗದದಲ್ಲಿ ಆ ಹೆಸರು ಹಠಾತ್ತನೆ ಕಾಣಿಸಿಕೊಂಡರೆ ಅವನ ಹೆಂಡತಿಯ ತಂದೆಯ ಉಯಿಲು ತೆಗೆಯಿರಿ. ಕೌಂಟಿ ಒಡೆದು ಎರಡಾಗಿದ್ದರೆ ತಾಯಿ ಕೌಂಟಿಯ ಪುಸ್ತಕ ನೋಡಬೇಕು. ಕೋರ್ಟು ಸುಟ್ಟಿದ್ದರೆ ರಾಜ್ಯದ ದಫ್ತರಖಾನೆ.

ಕೊನೆಗೆ ದೇಶದ ಒಳಗಿನ ವ್ಯಾಪಾರ. 1808ರಿಂದ ಹೊರಗಿನಿಂದ ಗುಲಾಮರನ್ನು ತರುವುದು ಕಾನೂನುಬಾಹಿರವಾಯಿತು. ಆಮೇಲೆ ಅಂತರ್ಯುದ್ಧದವರೆಗೆ ದಕ್ಷಿಣದ ಮೇಲ್ಭಾಗದ ರಾಜ್ಯಗಳಿಂದ ಹತ್ತಿ ಬೆಳೆಯುವ ಕೆಳಭಾಗಕ್ಕೆ ಸಾಗಿಸಲ್ಪಟ್ಟವರು ಹತ್ತು ಲಕ್ಷದಷ್ಟು. ಮಿಸಿಸಿಪ್ಪಿಯಲ್ಲಿ ಜಾಡು ನಿಂತರೆ ಅಲ್ಲಿಂದ ನೇರ ಆಫ್ರಿಕಾಕ್ಕೆ ಹಾರಬೇಡಿ, ವರ್ಜೀನಿಯಾ, ಮೇರಿಲ್ಯಾಂಡ್ ಮಧ್ಯೆ ಇವೆ. ಕರಾವಳಿ ಹಡಗುಗಳ ಪಟ್ಟಿಗಳಲ್ಲಿ ಹೆಸರು, ವಯಸ್ಸು, ಎತ್ತರ, ಕಳಿಸಿದವನ ವಿವರ ಇವೆ. ನ್ಯೂ ಆರ್ಲಿಯನ್ಸಿಗೆ ಬಂದವರಿಗೆ ಇದು ಮುಖ್ಯ.

---

ಉತ್ತರ: ವರ್ಣತಂತು

ದಾಖಲೆಯ ಬಗ್ಗೆ ಹಳೇಕಡತ ಅವರು ಬರೆದದ್ದಕ್ಕೆ ಸೇರಿಸಲು ಏನೂ ಇಲ್ಲ. ಡಿಎನ್‌ಎಗೆ ಬರೋಣ.

"ನೈಜೀರಿಯಾ 38%" ಅಂದರೆ ಮುತ್ತಾತಂದಿರಲ್ಲಿ 38% ಜನ ನೈಜೀರಿಯಾದವರು ಅಂತ ಅಲ್ಲ. ಕಂಪನಿಯ ಹತ್ತಿರ ಇರುವ ಮಾದರಿಗಳಲ್ಲಿ ನಿಮ್ಮ ಡಿಎನ್‌ಎ ತುಣುಕುಗಳು ಯಾವುದಕ್ಕೆ ಹೆಚ್ಚು ಹೋಲುತ್ತವೆ ಎಂಬ ಅಂದಾಜು ಅದು. ಇಬಾಡಾನಿನ ಯೊರುಬಾ ಜನರ ಮಾದರಿಗಳನ್ನು ಬಹಳ ಮೊದಲೇ ಸಂಗ್ರಹಿಸಿದ್ದಾರೆ. ಅಂಗೋಲಾ, ಕಾಂಗೋ ಒಳನಾಡಿನ ಮಾದರಿ ಕಡಿಮೆ. ಸರಿಹೊಂದುವ ಮಾದರಿ ಇಲ್ಲದ ತುಣುಕು ಹತ್ತಿರದ್ದಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಕಂಪನಿ ಲೆಕ್ಕ ಪರಿಷ್ಕರಿಸಿದಾಗಲೆಲ್ಲ ಶೇಕಡಾವಾರು ಬದಲಾಗುತ್ತದೆ. ಇನ್ನು ನೈಜೀರಿಯಾ ಎಂಬ ಗಡಿ ಬ್ರಿಟಿಷರು 1914ರಲ್ಲಿ ಒಂದುಗೂಡಿಸಿದ್ದು, ಹಡಗು ಹತ್ತಿದವರ ಕಾಲದಲ್ಲಿ ಅಂಥ ದೇಶ ಇರಲಿಲ್ಲ.

ತಾಯಿಯ ಸಾಲು ಮಾತ್ರ ಅಥವಾ ತಂದೆಯ ಸಾಲು ಮಾತ್ರ ನೋಡಿ ಬುಡಕಟ್ಟಿನ ಹೆಸರು ಹೇಳುವ ಪರೀಕ್ಷೆಗಳಿವೆ. ಎಂಟು ತಲೆಮಾರು ಹಿಂದೆ ಲೆಕ್ಕಕ್ಕೆ 256 ಪೂರ್ವಜರು. ಈ ಪರೀಕ್ಷೆ ಅವರಲ್ಲಿ ಒಬ್ಬರ ಸುದ್ದಿ ಹೇಳುತ್ತದೆ. ಅದೂ ಖಚಿತವಲ್ಲ. 2006ರ ಒಂದು ಅಧ್ಯಯನದಲ್ಲಿ ಕಪ್ಪು ಅಮೆರಿಕನ್ನರ ಮೈಟೊಕಾಂಡ್ರಿಯಾ (ತಾಯಿಯಿಂದಷ್ಟೇ ಬರುವ ಡಿಎನ್‌ಎ) ಸರಣಿಗಳನ್ನು ಆಫ್ರಿಕಾದ ಮಾದರಿಗಳ ಜೊತೆ ಹೋಲಿಸಿದಾಗ ಒಂದೇ ಒಂದು ಜನಾಂಗಕ್ಕೆ ಹೊಂದಿದ್ದು ಶೇ. 10ಕ್ಕಿಂತ ಕಡಿಮೆ. ಉಳಿದವು ಹಲವು ಜನಾಂಗಗಳಲ್ಲಿ ಹರಡಿವೆ, ಅಥವಾ ಯಾವುದಕ್ಕೂ ಪೂರ್ತಿ ಹೊಂದುವುದಿಲ್ಲ. ಪ್ರಮಾಣಪತ್ರದಲ್ಲಿ ಒಂದೇ ಹೆಸರು ಅಚ್ಚಾಗಿ ಬಂದರೆ, ಅದು ಆ ಕಂಪನಿಯ ಸಂಗ್ರಹದಲ್ಲಿ ಕಂಡ ಹೊಂದಾಣಿಕೆ ಅಷ್ಟೆ.

ತಂದೆಯ ಸಾಲಿನಲ್ಲಿ ಇನ್ನೊಂದು ತೊಡಕು. ಕಪ್ಪು ಅಮೆರಿಕನ್ ಗಂಡಸರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಜನರ ವೈ ವರ್ಣತಂತು (ತಂದೆಯಿಂದ ಮಗನಿಗೆ ಬರುವುದು) ಯುರೋಪಿನದು. ಒಟ್ಟು ವಂಶದಲ್ಲಿ ಸರಾಸರಿ ಶೇ. 73 ಆಫ್ರಿಕಾ, ಶೇ. 24 ಯುರೋಪ್ ಎಂದು 2015ರ ದೊಡ್ಡ ಅಧ್ಯಯನವೊಂದು ಹೇಳಿತು. ಒಡೆಯರು ಹೆಣ್ಣುಮಕ್ಕಳ ಮೇಲೆ ನಡೆಸಿದ ದೌರ್ಜನ್ಯ ಆ ಅಂಕಿಯ ಒಳಗಿದೆ. ಪರೀಕ್ಷೆಗೆ ಮೊದಲು ಮನೆಯವರಿಗೆ ಇದನ್ನು ಹೇಳಿಡುವುದು ಒಳ್ಳೆಯದು, ವರದಿ ಬಂದಮೇಲೆ ಹೇಳುವುದಲ್ಲ.

ಹಾಗಾದರೆ ಉಪಯೋಗ ಯಾವುದರಿಂದ? ಶೇಕಡಾವಾರು ಬಿಟ್ಟು ಹೊಂದಾಣಿಕೆಯಾದ ನೆಂಟರ ಪಟ್ಟಿ ನೋಡಿ.

ಮನೆಯಲ್ಲಿ ಅತಿ ಹಿರಿಯರನ್ನು ಮೊದಲು ಪರೀಕ್ಷೆ ಮಾಡಿಸಿ. ಪ್ರತಿ ತಲೆಮಾರಿಗೂ ಪಾಲು ಅರ್ಧವಾಗುತ್ತದೆ, ಅಜ್ಜಿಯಲ್ಲಿ ಇರುವ ತುಣುಕು ಮೊಮ್ಮಗಳಲ್ಲಿ ಇಲ್ಲದೇ ಹೋಗಬಹುದು. ಅಮೆರಿಕದ ಒಳಗಿನ ನೆಂಟರನ್ನು ಜೋಡಿಸಲು 20 ಸೆಂಟಿಮಾರ್ಗನ್‌ಗಿಂತ ಮೇಲಿನ ಹೊಂದಾಣಿಕೆಗಳಿಂದ ಶುರುಮಾಡಿ. ಸೆಂಟಿಮಾರ್ಗನ್ ಎಂದರೆ ಇಬ್ಬರಲ್ಲೂ ಒಂದೇ ಆಗಿರುವ ಡಿಎನ್‌ಎ ತುಣುಕನ್ನು ಅಳೆಯುವ ಮಾನ. ಮುತ್ತಜ್ಜನ ತಂದೆ-ತಾಯಿ ಒಂದೇ ಆಗಿರುವ ಮೂರನೇ ಸಾಲಿನ ದಾಯಾದಿಗಳು ಸರಾಸರಿ 70ರ ಆಸುಪಾಸು ಹಂಚಿಕೊಳ್ಳುತ್ತಾರೆ. ನಾಲ್ಕನೇ ಸಾಲಿನವರಲ್ಲಿ ಅರ್ಧದಷ್ಟು ಜನ ಪಟ್ಟಿಯಲ್ಲಿ ಕಾಣುವುದೇ ಇಲ್ಲ, ಕಾಣಲಿಲ್ಲ ಎಂದು ನೆಂಟಸ್ತಿಕೆ ಸುಳ್ಳಾಗದು. ಒಡೆಯನ ವಂಶದ ಬಿಳಿಯರು ಪಟ್ಟಿಯಲ್ಲಿ ಬಂದರೆ ಹಳೇಕಡತ ಅವರು ಹೇಳಿದ ಎರಡನೇ ಹಂತಕ್ಕೆ ಅದೇ ಸುಳಿವು.

ಆಫ್ರಿಕಾದಲ್ಲೇ ಹುಟ್ಟಿದವರ ಜೊತೆಗಿನ ಹೊಂದಾಣಿಕೆ ಸಾಮಾನ್ಯವಾಗಿ ಬಹಳ ಸಣ್ಣದು. 7, 8 ಸೆಂಟಿಮಾರ್ಗನ್ ತುಣುಕು ಆಕಸ್ಮಿಕವೂ ಆಗಿರಬಹುದು. ತಂದೆ ಅಥವಾ ತಾಯಿಯಲ್ಲೂ ಅದೇ ತುಣುಕು ಇದೆಯೇ ಎಂದು ನೋಡದೆ ನಂಬಬೇಡಿ. ಆ ಕಡೆಯವರ ನಾಲ್ಕೂ ಅಜ್ಜ-ಅಜ್ಜಿಯರ ಊರು ಕೇಳಿ. ಲಾಗೋಸ್ ಎಂದರೆ ಪ್ರಯೋಜನವಿಲ್ಲ, ಅದು ಎಲ್ಲ ಕಡೆಯವರೂ ಬಂದು ಸೇರಿದ ನಗರ.

ದೊಡ್ಡ ಮಟ್ಟದಲ್ಲಿ ಇದು ಕೆಲಸ ಮಾಡಿದ ಉದಾಹರಣೆ ಮೇರಿಲ್ಯಾಂಡಿನ ಕ್ಯಾಟಾಕ್ಟಿನ್ ಫರ್ನೇಸ್. ಅಲ್ಲಿನ ಕಬ್ಬಿಣದ ಕುಲುಮೆಯ ಕಪ್ಪು ಕೆಲಸಗಾರರ ಸ್ಮಶಾನದಿಂದ 27 ಜನರ ಡಿಎನ್‌ಎ ತೆಗೆದು ಹೋಲಿಸಿದಾಗ 41,799 ಹತ್ತಿರದ, ದೂರದ ನೆಂಟರು ಸಿಕ್ಕರು (2023). ಆಫ್ರಿಕಾ ಕಡೆಯಲ್ಲಿ ಸೆನೆಗಾಂಬಿಯಾದ ವೊಲೊಫ್, ಮಂಡಿಂಕಾ ಮತ್ತು ಮಧ್ಯ ಆಫ್ರಿಕಾದ ಕೊಂಗೊ ಜನರಿಗೆ ನಂಟು ಕಂಡಿತು. ಸತ್ತವರ ಮಾದರಿ ನೇರವಾಗಿ ಸಿಕ್ಕಿದ್ದರಿಂದ ಐದಾರು ತಲೆಮಾರಿನ ಸವಕಳಿ ತಪ್ಪಿತು ಎಂಬುದೇ ಅಲ್ಲಿನ ಗುಟ್ಟು.

ಒಂದು ಎಚ್ಚರಿಕೆ. ಮಾಹಿತಿ ಒಂದೇ ಕಂಪನಿಯಲ್ಲಿ ಬಿಟ್ಟಿಡಬೇಡಿ. 23ಅಂಡ್‌ಮಿ 2023ರಲ್ಲಿ ಸುಮಾರು 69 ಲಕ್ಷ ಜನರ ವಿವರ ಸೋರಿಸಿಕೊಂಡಿತು, 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿ ಹಾಕಿತು. ಕಚ್ಚಾ ಕಡತ ಇಳಿಸಿಟ್ಟುಕೊಂಡು, ಬೇಡವಾದರೆ ಖಾತೆ ಅಳಿಸಿ.

---

ಉತ್ತರ: ಕಡಲತಡಿ

ಮೇಲಿನ ಇಬ್ಬರೂ ರುಜುವಾತಿನ ಬಗ್ಗೆ ಬರೆದಿದ್ದಾರೆ. ಆದರೆ ಗುರುತು ರುಜುವಾತಿಗಾಗಿ ಕಾಯುತ್ತಾ ಕೂರುವುದಿಲ್ಲ ತುಂಗಾತೀರ ಅವರೇ, ಲೇಖನದಲ್ಲಿ ಇದು ಬರಲಿ.

ನ್ಯೂಯಾರ್ಕಿನಲ್ಲಿ 1991ರಲ್ಲಿ ಸರ್ಕಾರಿ ಕಟ್ಟಡಕ್ಕೆ ಅಗೆಯುವಾಗ ಕಪ್ಪು ಜನರ ಹಳೆಯ ಸ್ಮಶಾನ ಸಿಕ್ಕಿತು. 419 ಜನರ ಅಸ್ಥಿಗಳನ್ನು 2003ರಲ್ಲಿ ಮರಳಿ ಮಣ್ಣು ಮಾಡಿದರು, 2006ರಲ್ಲಿ ರಾಷ್ಟ್ರೀಯ ಸ್ಮಾರಕವಾಯಿತು. ಒಂದು ಶವಪೆಟ್ಟಿಗೆಯ ಮುಚ್ಚಳದ ಮೇಲೆ ಮೊಳೆಗಳಿಂದ ಹೃದಯದಂಥ ಆಕಾರ ಮಾಡಿದ್ದರು. ಅದನ್ನು ಪಶ್ಚಿಮ ಆಫ್ರಿಕಾದ ಅಕಾನ್ ಜನರ ಸಂಕೋಫಾ (ಹಿಂದಿನದನ್ನು ಮರಳಿ ತರುವುದು ಎಂಬರ್ಥದ) ಚಿಹ್ನೆ ಎಂದು ಗುರುತಿಸಿದರು. ಆ ಕಾಲದ ಬಿಳಿಯರ ಪೆಟ್ಟಿಗೆಗಳಲ್ಲೂ ಹೃದಯದ ಆಕಾರ ಇತ್ತಲ್ಲ ಎಂದು ಆಮೇಲೆ ಇತಿಹಾಸಕಾರರು ತಕರಾರು ತೆಗೆದರು. ತಕರಾರಿನಲ್ಲಿ ಹುರುಳಿದೆ. ಆದರೂ ಚಿಹ್ನೆ ಸ್ಮಾರಕದ ಮೇಲಿದೆ, ಇರುತ್ತದೆ. ಕಪ್ಪು ಅಮೆರಿಕನ್ನರ ಕ್ವಾಂಜಾ ಹಬ್ಬವೂ ಹಾಗೇ. ಕಪ್ಪು ಹೋರಾಟಗಾರ ಮೌಲಾನಾ ಕರೆಂಗಾ 1966ರಲ್ಲಿ ರೂಪಿಸಿದ್ದು, ಡಿಸೆಂಬರ್ 26ರಿಂದ ಜನವರಿ 1ರವರೆಗೆ. ಅದರ ಹೆಸರುಗಳೆಲ್ಲ ಪೂರ್ವ ಆಫ್ರಿಕಾದ ಸ್ವಾಹಿಲಿಯವು. ಅಮೆರಿಕಕ್ಕೆ ಬಂದವರಲ್ಲಿ ಬಹುಪಾಲು ಪಶ್ಚಿಮ ಮತ್ತು ಮಧ್ಯ ಆಫ್ರಿಕಾದವರು. ಆಚರಿಸುವವರಿಗೆ ಇದು ಗೊತ್ತಿಲ್ಲವೆಂದಲ್ಲ. ಯಾವ ಒಂದು ಜನಾಂಗದ್ದೂ ಅಲ್ಲದ, ಎಲ್ಲರದೂ ಆಗಬಲ್ಲ ಭಾಷೆ ಬೇಕಿತ್ತು.

ಹಾಗಂತ ಎಲ್ಲವೂ ಆರಿಸಿಕೊಂಡದ್ದೇ ಅಲ್ಲ, ಕಡಿಯದೆ ಬಂದದ್ದೂ ಇದೆ. ದಕ್ಷಿಣ ಕೆರೊಲಿನಾ, ಜಾರ್ಜಿಯಾ ಕಡಲ ದ್ವೀಪಗಳ ಗುಲ್ಲಾ ಗೀಚಿ ಜನರನ್ನು ನೋಡಿ. ಭತ್ತದ ಗದ್ದೆ, ಮಲೇರಿಯಾ ಎರಡೂ ಸೇರಿ ಬಿಳಿಯ ಒಡೆಯರು ವರ್ಷದ ಬಹುಭಾಗ ದೂರ ಇರುತ್ತಿದ್ದರು. ಅದರಿಂದ ಮಾತು, ಬುಟ್ಟಿ ಹೆಣಿಗೆ, ಹೆಸರಿಡುವ ಪದ್ಧತಿ ಉಳಿದವು. ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಭಾಷಾವಿಜ್ಞಾನಿ 1930ರ ದಶಕದ ಆರಂಭದಲ್ಲಿ ಜಾರ್ಜಿಯಾದ ಹ್ಯಾರಿಸ್ ನೆಕ್‌ನಲ್ಲಿ ಅಮೇಲಿಯಾ ಡಾಲಿ ಹಾಡಿದ ಕೆಲವು ಸಾಲು ಧ್ವನಿಮುದ್ರಿಸಿಕೊಂಡರು. ಅರ್ಥ ಹಾಡಿದ ಅಮೇಲಿಯಾ ಅವರಿಗೂ ಗೊತ್ತಿರಲಿಲ್ಲ. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆ ಎಂದು ಆಮೇಲೆ ತಿಳಿಯಿತು. ಸೆನೆಹುನ್ ಎನ್‌ಗೋಲಾ ಎಂಬ ಹಳ್ಳಿಯಲ್ಲಿ ಹೆಂಗಸೊಬ್ಬರು ಅದನ್ನು ಸಾವಿನ ಹಾಡಾಗಿ ಇನ್ನೂ ಹಾಡುತ್ತಿದ್ದರು. ಅಮೇಲಿಯಾ ಅವರ ಮಗಳು ಮೇರಿ ಮೊರಾನ್ 1997ರಲ್ಲಿ ಅಲ್ಲಿಗೆ ಹೋದರು. ಯಾವ ಎಂಜಲು ಪರೀಕ್ಷೆಗೂ ಒಂದು ಹಳ್ಳಿಯವರೆಗೆ ಕರೆದುಕೊಂಡು ಹೋಗಲು ಆಗುವುದಿಲ್ಲ.

ದಾಖಲೆಯೂ ಒಮ್ಮೊಮ್ಮೆ ಅಷ್ಟು ದೂರ ಹೋಗುತ್ತದೆ. 1756ರಲ್ಲಿ ಹೇರ್ ಎಂಬ ಹಡಗಿನಲ್ಲಿ ಸಿಯೆರಾ ಲಿಯೋನಿನಿಂದ ಚಾರ್ಲ್‌ಸ್ಟನ್ನಿಗೆ ಬಂದ ಸುಮಾರು ಹತ್ತು ವರ್ಷದ ಹುಡುಗಿಯನ್ನು ಎಲಿಯಾಸ್ ಬಾಲ್ ಕೊಂಡು ಪ್ರಿಸಿಲ್ಲಾ ಎಂದು ಹೆಸರಿಟ್ಟ. ಹಡಗಿನ ಕಾಗದ, ಮಾರಾಟದ ಲೆಕ್ಕ, ಬಾಲ್ ಮನೆತನದ ತೋಟದ ಪುಸ್ತಕ, ಮೂರೂ ಉಳಿದಿವೆ. ಅವಳ ಏಳನೇ ತಲೆಮಾರಿನ ಥೋಮಲಿಂಡ್ ಮಾರ್ಟಿನ್ ಪೊಲೈಟ್ 2005ರಲ್ಲಿ ಸಿಯೆರಾ ಲಿಯೋನಿಗೆ ಹೋಗಿ ಬಂದರು. ಇದು ಅಪವಾದ ಎಂಬುದನ್ನು ಮರೆಯಬೇಡಿ. ಆಫ್ರಿಕಾದಿಂದ ಹಡಗೇರಿಸಿದ ಅಂದಾಜು 1.25 ಕೋಟಿ ಜನರಲ್ಲಿ ಉತ್ತರ ಅಮೆರಿಕಕ್ಕೆ ನೇರವಾಗಿ ಬಂದವರು 3.88 ಲಕ್ಷದಷ್ಟು. ಅವರಲ್ಲಿ ಒಬ್ಬೊಬ್ಬರನ್ನೇ ಹೀಗೆ ಹೆಸರು ಹಿಡಿದು ಹೇಳಬಲ್ಲ ಕುಟುಂಬಗಳು ತೀರಾ ವಿರಳ.

ಪ್ರಮಾಣಪತ್ರ ಅಷ್ಟೇನಾ ಎಂದು ಕೇಳಿದಿರಿ. ಗುಲ್ಲಾ ಗೀಚಿಗಳಿಗೆ ವಂಶಾವಳಿ ಎಂದರೆ ಜಮೀನು. ಬಿಡುಗಡೆಯ ನಂತರ ಕೊಂಡ ಎಷ್ಟೋ ನೆಲ ಉಯಿಲಿಲ್ಲದೆ ಮಕ್ಕಳು ಮೊಮ್ಮಕ್ಕಳಿಗೆ ಬಂದಿದೆ, ನಮ್ಮಲ್ಲಿ ಪೌತಿ ಖಾತೆಯಾಗದೆ ಮುತ್ತಜ್ಜನ ಹೆಸರಲ್ಲೇ ಉಳಿದ ಪಹಣಿಯ ಹಾಗೆ. ದೂರದ ಊರಿನ ಒಬ್ಬ ವಾರಸುದಾರನ ಪಾಲನ್ನು ರೆಸಾರ್ಟಿನವರು ಕೊಂಡು, ಕೋರ್ಟಿಗೆ ಹೋಗಿ ಇಡೀ ಜಮೀನು ಹರಾಜು ಹಾಕಿಸಬಹುದಿತ್ತು. ಇದನ್ನು ತಡೆಯಲು ಮಾದರಿ ಕಾನೂನೊಂದು 2010ರಲ್ಲಿ ಬಂತು. ಜಾರ್ಜಿಯಾ 2012ರಲ್ಲಿ, ದಕ್ಷಿಣ ಕೆರೊಲಿನಾ 2016ರಲ್ಲಿ ಒಪ್ಪಿಕೊಂಡವು. ಈಗ ಮಾರುಕಟ್ಟೆ ಬೆಲೆ ಕಟ್ಟಿಸಿ, ಉಳಿದ ವಾರಸುದಾರರಿಗೆ ಆ ಪಾಲು ಕೊಳ್ಳುವ ಅವಕಾಶ ಮೊದಲು ಕೊಡಬೇಕು. ಅದಕ್ಕೆ ವಾರಸುದಾರರು ಯಾರ್ಯಾರು ಎಂದು ಮರಣಪತ್ರ, ಮದುವೆ ಪತ್ರಗಳ ಸಮೇತ ತೋರಿಸಬೇಕಲ್ಲ. ಹಳೇಕಡತ ಅವರ ಮೊದಲ ಹಂತ ಅಲ್ಲಿ ನೇರವಾಗಿ ಬಳಕೆಗೆ ಬರುತ್ತದೆ.

---

ಉತ್ತರ: ಕಾಳಿಕಣಿವೆ

ಸಿದ್ದಿಗಳ ವಿಷಯಕ್ಕೆ ಮಾತ್ರ. ಅಮೆರಿಕದ ದಾರಿ ಇಲ್ಲಿ ನಡೆಯುವುದಿಲ್ಲ. ಭಾರತದ ಜನಗಣತಿಯ ಮನೆಪಟ್ಟಿಗಳನ್ನು ಸಾರ್ವಜನಿಕರಿಗೆ ಕೊಡುವುದೇ ಇಲ್ಲ. ಗೋವಾದ ಪೋರ್ಚುಗೀಸ್ ದಫ್ತರ, ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳಲ್ಲಿ ಆಫ್ರಿಕಾದಿಂದ ಬಂದ ಗುಲಾಮರ ಪ್ರಸ್ತಾಪ ಉಂಟು, ಆದರೆ ಕೊಟ್ಟ ಹೆಸರೆಲ್ಲ ಕ್ರೈಸ್ತ ಹೆಸರು. ಅಲ್ಲಿಂದ ಘಟ್ಟ ಹತ್ತಿ ಯಲ್ಲಾಪುರ, ಹಳಿಯಾಳ, ಅಂಕೋಲೆಯ ಕಾಡಿಗೆ ಬಂದವರ ಜೊತೆ ಆ ಹೆಸರನ್ನು ಜೋಡಿಸುವ ಕೊಂಡಿ ಇಲ್ಲ.

ಡಿಎನ್‌ಎ ಅಧ್ಯಯನ 2011ರಲ್ಲಿ ಆಗಿದೆ, ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಮೇಲೆ. ಮೂಲ ಆಫ್ರಿಕಾದ ಬಾಂಟು ಭಾಷಿಕ ಜನರದು, ಇಲ್ಲಿನವರ ಜೊತೆ ಬೆರಕೆ ಸುಮಾರು 200 ವರ್ಷದಿಂದೀಚೆಗೆ ಎಂದು ಬಂತು. ಸಮುದಾಯದ ಮಟ್ಟಕ್ಕೆ ಅದು ಸರಿ, ಒಂದು ಮನೆಯ ಮೂಲ ಹೇಳಲು ಆಗದು.

ವ್ಯವಹಾರದಲ್ಲಿ ಗುರುತು ನಿಂತಿರುವುದು ಬೇರೆ ಕಾಗದದ ಮೇಲೆ. ಉತ್ತರ ಕನ್ನಡದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಬಂದರು, ಧಾರವಾಡ, ಬೆಳಗಾವಿಯವರು 2020ರಲ್ಲಿ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದರ ತೂಕ ಗೊತ್ತಾಗುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಸಾಗುವಳಿ ಇತ್ತೆಂದು ತೋರಿಸಿದರೆ ಸಾಕು. ಉಳಿದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತದ ಸಿದ್ದಿಗಳಿದ್ದಾರೆ, ಪಂಗಡದ ಪಟ್ಟಿಗೆ ಮತ ಅಡ್ಡಿಯಲ್ಲ. ಶಾಲಾ ದಾಖಲಾತಿಯಲ್ಲಿ ಜಾತಿ ಕಾಲಂ ಬೇರೆ ರೀತಿ ಬರೆದಿದ್ದರೆ ಪ್ರಮಾಣಪತ್ರಕ್ಕೆ ತೊಡಕು, ಮಗುವನ್ನು ಸೇರಿಸುವಾಗಲೇ ಸರಿಯಾಗಿ ಬರೆಸಬೇಕು.

---

ತುಂಗಾತೀರ

ಎಲ್ಲರಿಗೂ ಧನ್ಯವಾದ. ಇನ್ನೊಂದೇ ಪ್ರಶ್ನೆ. ಕೈಯಲ್ಲಿ ಒಂದೂ ಕಾಗದ ಇಲ್ಲದ ಕುಟುಂಬ ಯಾವುದರಿಂದ ಶುರುಮಾಡಬೇಕು?

---

ಹಳೇಕಡತ

ಹಿರಿಯರ ಮಾತಿನಿಂದ, ಅದೂ ಜನಗಣತಿ ತೆರೆಯುವ ಮೊದಲೇ. ಅವರ ಮಾತು ಧ್ವನಿಮುದ್ರಿಸಿಕೊಳ್ಳಿ. "ನಮ್ಮ ಮೂಲ ಎಲ್ಲಿ" ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಯಾವ ಚರ್ಚು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಹತ್ತಿ ಯಾರ ಹೊಲದಲ್ಲಿ ಬಿಡಿಸುತ್ತಿದ್ದರು, ಮನೆಯಲ್ಲಿ ಕರೆಯುತ್ತಿದ್ದ ಹೆಸರೇನು ಎಂದು ಕೇಳಿ. ಜನಗಣತಿಯವನು ಬರೆದುಕೊಂಡದ್ದು ಎಷ್ಟೋ ಸಲ ಮನೆಯಲ್ಲಿ ಕರೆಯುವ ಆ ಹೆಸರನ್ನೇ. ಬೈಬಲ್ಲಿನ ಮೊದಲ ಖಾಲಿ ಹಾಳೆಗಳನ್ನು ನೋಡಿ. ಕಪ್ಪು ಕುಟುಂಬಗಳಲ್ಲಿ ಅಂತ್ಯಕ್ರಿಯೆಯ ದಿನ ಹಂಚುವ ಅಚ್ಚಾದ ಹಾಳೆ ಇರುತ್ತದೆ, ಅದರಲ್ಲಿ ಒಡಹುಟ್ಟಿದವರು, ಅಳಿಯಂದಿರು, ಊರು ಎಲ್ಲ ಬರೆದಿರುತ್ತಾರೆ. ಯಾರ ಮನೆಯ ಡಬ್ಬದಲ್ಲಾದರೂ ಒಂದು ಕಟ್ಟು ಇದ್ದೇ ಇರುತ್ತದೆ. ಕೆಲವು ಊರಿನ ಗ್ರಂಥಾಲಯಗಳೂ ಅವನ್ನು ಸಂಗ್ರಹಿಸಿಟ್ಟಿವೆ, ವಿಚಾರಿಸಿ.